ಪಾರಿಸ ಮಗದುಮ್ಮನ ಸಂಜೆಗಂಟೆ

ಸೂರ್ಯನನ್ನು ತಡೆದು ನಿಲ್ಲಿಸಲು ಹೊರಟ ವೀರರ ಕಥೆಗಳನ್ನು ಪುರಾಣ ಹೇಳುವವರ ಬಾಯಿಂದ ಕೇಳಿದ್ದೇನೆ. ನಮ್ಮ ಐನಾಪುರದ ಪಾರಿಸ ಮಗದುಮ್ಮನಿಗೆ ಅಷ್ಟು ದೊಡ್ಡ ಆಸೆ ಇರಲಿಲ್ಲ. ಸೂರ್ಯ ಬೇಕಾದರೆ ಮುಳುಗಲಿ, ಆದರೆ ಮುಳುಗುವ ಮೊದಲು ತನ್ನ ಮನೆಗೆ ಒಂದು ಮಾತು ತಿಳಿಸಿ ಹೋಗಲಿ ಎಂಬುದಷ್ಟೇ ಅವನ ಹಟ. ಸೂರ್ಯ ಒಪ್ಪಿದ. ಕಾರಖಾನೆಯವರು ಒಪ್ಪಲಿಲ್ಲ. ಈ ಯುದ್ಧ ನಡೆದದ್ದು ಅಲ್ಲಿ.

ಸಾವಿರದ ಒಂಬೈನೂರ ಎಂಬತ್ತಾರರ ಹೊತ್ತಿಗೆ ಪಾರಿಸನಿಗೆ ನಲವತ್ತರ ಹತ್ತಿರ ವಯಸ್ಸು. ಮೂಗಿನ ತುದಿಗೆ ಜಾರುವ ಕನ್ನಡಕ, ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರ್, ಒಂದು ಕಿವಿಯ ಮೇಲೆ ಪೆನ್ಸಿಲ್. ಕಬ್ಬಿನ ಹೊಲವಿತ್ತು, ದ್ರಾಕ್ಷಿ ತೋಟವಿತ್ತು. ಇವೆರಡನ್ನೂ ಅವನ ಹೆಂಡತಿ ಮಂಗಲ ನೋಡಿಕೊಳ್ಳುತ್ತಿದ್ದಳು. ಪಾರಿಸ ಅಂಗಳದ ಮೂಲೆಯ ತಗಡಿನ ಖೋಲಿಯಲ್ಲಿ ಕೂತು ಮನುಷ್ಯಕುಲವನ್ನು ನೋಡಿಕೊಳ್ಳುತ್ತಿದ್ದ. ಆ ಖೋಲಿಗೆ ಅವನಿಟ್ಟ ಹೆಸರು ಪ್ರಯೋಗಶಾಲೆ. ಮಂಗಲ ಇಟ್ಟ ಹೆಸರು ಗುಜರಿ.

ಗಂಟೆಗೆ ಮೊದಲೂ ಆ ಖೋಲಿಯಿಂದ ಅನೇಕ ಅಸ್ತ್ರಗಳು ಹೊರಬಿದ್ದಿದ್ದವು. ದ್ರಾಕ್ಷಿಗೆ ಬರುವ ಹಕ್ಕಿಗಳನ್ನು ಓಡಿಸಲು ಗಾಳಿಗೆ ತಿರುಗಿ ಡಬ್ಬಿ ಬಡಿಯುವ ಒಂದು ಚಕ್ರ ಮಾಡಿದ್ದ. ಗಾಳಿ ಇಲ್ಲದ ದಿನ ಹಕ್ಕಿಗಳು ಹೊಟ್ಟೆ ತುಂಬ ಹಣ್ಣು ತಿಂದು ಅದೇ ಚಕ್ರದ ಮೇಲೆ ಕೂತು ಕೊಕ್ಕು ಒರೆಸಿಕೊಂಡವು. ಹಾಲು ಹಿಂಡುವಾಗ ಎಮ್ಮೆ ಬಾಲ ಬೀಸದಂತೆ ಹಿಡಿದಿಡುವ ಒಂದು ಚಿಮಟಿಗೆ ಮಾಡಿದ್ದ. ಎಮ್ಮೆ ಅದನ್ನು ಧರಿಸಿಕೊಂಡೇ ಕೃಷ್ಣಾ ಹೊಳೆಗೆ ಇಳಿಯಿತು. ಸಂಜೆ ಎಮ್ಮೆ ವಾಪಸು ಬಂತು, ಚಿಮಟಿಗೆ ಕೃಷ್ಣಾರ್ಪಣವಾಯಿತು. ಪಾರಿಸ ಮಾತ್ರ ಎದೆಗುಂದಲಿಲ್ಲ. “ಯಂತ್ರ ಬರೋಬ್ಬರಿ ಇತ್ತು, ಎಮ್ಮಿದ ತಪ್ಪು” ಎಂದು ತೀರ್ಪು ಕೊಟ್ಟ.

ಆದರೆ ಸಂಜೆಗಂಟೆಯ ಮಾತು ಬೇರೆ. ಅದನ್ನು ಅವನು ಮನುಷ್ಯಕುಲಕ್ಕಾಗಿ ಮಾಡಲಿಲ್ಲ, ಅವ್ವನಿಗಾಗಿ ಮಾಡಿದ.

ಅವನ ತಾಯಿ ಲಕ್ಷ್ಮಿಬಾಯಿ ಗಟ್ಟಿ ಜೈನ ಮುದುಕಿ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ. ಹರೆಯದಲ್ಲಿ ಹೊಲದಿಂದ ಓಡುತ್ತ ಬಂದು, ಸೂರ್ಯ ಇನ್ನೂ ಬಸದಿಯ ಶಿಖರದ ಮೇಲಿರುವಾಗಲೇ ಉಂಡು ಕೈ ತೊಳೆದವಳು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಹಗಲೂ ಸಂಜೆಯೂ ಒಂದೇ ಬಣ್ಣದ ಮಂಜಾಗಿದ್ದವು. ಆಪರೇಶನ್ ಎಂದರೆ ಮುದುಕಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೀಗಾಗಿ ದಿನಾ ಸಂಜೆ ಆ ಮನೆಯಲ್ಲಿ ಒಂದು ವಿಚಾರಣೆ ನಡೆಯುತ್ತಿತ್ತು.

“ಹೊತ್ತ ಮುಳಗಿತೇನ ಮಂಗಲಾ?”

“ಇಲ್ರಿ ಅತ್ತಿ, ಇನ್ನೂ ಶಿಖರದ ಮ್ಯಾಲ ಬಿಸಲ ಐತಿ. ಏಳ್ರಿ, ಉಣ್ಣ ಬರ್ರಿ.”

“ಸುಳ್ಳ ಹೇಳತಿ. ನನಗ ಉಣಸಾಕ ಹೇಳತಿ.”

“ಖರೇ ಹೇಳಾಕತ್ತೇನ್ರಿ. ಬೇಕಾದ್ರ ನಿಮ್ಮ ಮಗನ್ನ ಕೇಳ್ರಿ.”

“ಅವಾ ನಿನಗಿಂತಾ ಮುಂದ. ಹುಟ್ಟಿದಾಗಿಂದ ನೋಡಾಕತ್ತೇನಿ.”

ಸಂಶಯ ಬಂದ ಮೇಲೆ ತಾಟಿಗೆ ಕೈ ಹಚ್ಚಬಾರದು ಎಂಬುದು ಅವಳ ನೇಮ. ಸಂಶಯವಂತೂ ದಿನಾ ಬರುತ್ತಿತ್ತು. ಗಡಿಯಾರವಿತ್ತು, ಆದರೆ ಮಂಗಲ ಒಮ್ಮೆ ಪ್ರೀತಿಯಿಂದಲೇ ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ್ದಳು. ಅದೇ ಹೊತ್ತಿಗೆ ಕಾಗವಾಡದಿಂದ ಬರುವ ಸಂಜೆಯ ಬಸ್ಸು ಓಣಿಯ ಬಾಯಲ್ಲಿ ಹಾರ್ನ್ ಹೊಡೆದು ಗುಟ್ಟು ರಟ್ಟು ಮಾಡಿತು. ಅಂದಿನಿಂದ ಗಡಿಯಾರವೂ ಸುಳ್ಳುಗಾರರ ಪಂಗಡಕ್ಕೆ ಸೇರಿತು. ಮುದುಕಿ ವಾರದಲ್ಲಿ ಮೂರು ನಾಲ್ಕು ದಿನ ಬರಿ ಹೊಟ್ಟೆಯಲ್ಲಿ ಮಲಗಿ ಸಣ್ಣಗಾಗುತ್ತ ಬಂದಳು.

ಪಾರಿಸ ಖೋಲಿಯಲ್ಲಿ ಕೂತು ಚಿಂತಿಸಿದ. ಅವನಿಗೆ ಹೊಳೆದದ್ದು ಇಷ್ಟು: ಅವ್ವ ನಮ್ಮನ್ನು ನಂಬದೇ ಇರುವುದು ನಮಗೆ ಅವಳ ಮೇಲೆ ಪ್ರೀತಿ ಇದೆ ಎಂದು. ಪ್ರೀತಿ ಇಲ್ಲದ ಯಾರಾದರೂ ಹೇಳಿದರೆ ನಂಬುತ್ತಾಳೆ. ಓಣಿಯಲ್ಲಿ ಅಂಥವರು ಸಿಗಲಿಲ್ಲ. ಆದ್ದರಿಂದ ಒಂದು ಯಂತ್ರ ಬೇಕು.

ಮಿರಜಿಯ ರೇಡಿಯೋ ಅಂಗಡಿಯಿಂದ ಕಡಲೆಕಾಳಿನಷ್ಟು ದೊಡ್ಡ ಒಂದು ಪುರ್ಜೆ ತಂದ. ಅದರ ಮೇಲೆ ಬೆಳಕು ಬಿದ್ದರೆ ಸುಮ್ಮನಿರುತ್ತದೆ, ಬೆಳಕು ಕಡಿಮೆಯಾದರೆ ಮುಂದಿನ ತಂತಿಗೆ ಸುದ್ದಿ ಕಳಿಸುತ್ತದೆ. ಅದನ್ನು ವನಸ್ಪತಿ ತುಪ್ಪದ ಖಾಲಿ ಡಬ್ಬಿಯಲ್ಲಿ ಕೂಡಿಸಿ, ಪಡುವಣಕ್ಕೆ ಒಂದು ಗಾಜಿನ ಕಿಂಡಿ ಕೊರೆದು, ಮಾಳಿಗೆಯ ಮೇಲೆ ಕಟ್ಟಿದ. ತಂತಿ ಕೆಳಗಿಳಿದು ಟ್ರ್ಯಾಕ್ಟರಿನ ಹಳೇ ಬ್ಯಾಟರಿಗೆ, ಅಲ್ಲಿಂದ ಪಡಸಾಲೆಯ ವಿದ್ಯುತ್ ಗಂಟೆಗೆ ಹೋಯಿತು. ಹೊತ್ತು ಮುಳುಗಲು ಸಾವಕಾಶವಾಗಿ ಒಂದು ಊಟ ಮಾಡುವಷ್ಟು ಸಮಯ ಇರುವಾಗ ಬೆಳಕು ಎಷ್ಟಿರುತ್ತದೋ ಅಷ್ಟಕ್ಕೆ ಸರಿಯಾಗಿ ಒಂದು ತಿರುಗಣೆ ತಿರುಗಿಸಿಟ್ಟ.

ಮೊದಲ ಸಂಜೆ ಗಂಟೆ ಹೊಡೆದಾಗ ಮುದುಕಿ ಎದ್ದು ಕೂತಳು.

“ಯಾರ ಹೊಡದ್ರು?”

“ಯಾರೂ ಹೊಡದಿಲ್ಲವ್ವಾ. ಡಬ್ಬಿ ತಾನ ಹೊಡೀತು. ಇನ್ನ ಉಣ್ಣಾಕ ಹೊತ್ತ ಐತಿ ಅಂತ ಹೇಳಾಕತ್ತೈತಿ.”

“ಡಬ್ಬಿಗಿ ನನ್ನ ಮ್ಯಾಲ ಏನೂ ಜೀವ ಇಲ್ಲಲಾ?”

“ಇಲ್ಲವ್ವಾ. ಅದಕ್ಕ ಯಾರ ಮ್ಯಾಲೂ ಜೀವ ಇಲ್ಲ.”

“ಹಂಗಾರ ತಾಟ ಹಾಕು.”

ಪಾರಿಸನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೊಂದಿಲ್ಲ. ಗಂಟೆಯ ದನಿ ಗೋಡೆ ದಾಟಿ ಕೇಳುತ್ತಿದ್ದುದರಿಂದ ಬಸದಿ ಓಣಿಯ ಮನೆಗಳೆಲ್ಲ ಅದನ್ನೇ ನಂಬಿ ತಾಟು ಹಾಕಿಕೊಳ್ಳತೊಡಗಿದವು. ಆಗ ಅವನ ತಲೆಯಲ್ಲಿ ಹೊಸ ಹುಳು ಹೊಕ್ಕಿತು. ನಿಪ್ಪಾಣಿಯಿಂದ ಅಥಣಿಯವರೆಗೆ ಎಷ್ಟು ಜೈನರ ಮನೆ! ಮನೆಮನೆಯಲ್ಲೂ ಮಕ್ಕಳನ್ನು ನಂಬದ ಒಬ್ಬಳಾದರೂ ಮುದುಕಿ ಇದ್ದೇ ಇರುತ್ತಾಳೆ. ಯಾರಾದರೂ ಕಾರಖಾನೆಯವರು ಇದನ್ನು ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ‘ಮಗದುಮ್ ಸಂಜೆಗಂಟೆ’ ಎಂದು ಅಚ್ಚು ಹಾಕಿಸಿದರೆ? ಆ ಅಕ್ಷರಗಳು ಅವನಿಗೆ ಕನಸಿನಲ್ಲಿ ಕೆಂಪಾಗಿ ಕಾಣತೊಡಗಿದವು.

ಹೀಗೆ ದಿಗ್ವಿಜಯ ಆರಂಭವಾಯಿತು. ದ್ರಾಕ್ಷಿ ತುಂಬುವ ಪೆಟ್ಟಿಗೆಯಲ್ಲಿ ಬ್ಯಾಟರಿ, ಗಂಟೆ ಸಮೇತ ಎರಡನೆಯದೊಂದು ಡಬ್ಬಿಯನ್ನಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾರಿಸ ಕೆಂಪು ಬಸ್ಸು ಏರಿದ.

ಇಚಲಕರಂಜಿಯಲ್ಲಿ ಗಡಿಯಾರ ಜೋಡಿಸುವ ಒಬ್ಬ ಸಾಹುಕಾರ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಕಾಯ ಹೋ ಮಗದುಮ್, ಸೂರ್ಯ ಮಾವಳತೋಯ ಹೇ ಕಳಾಯಲಾ ಮಶೀನ ಕಶಾಲಾ?” ಎಂದು ಮರಾಠಿಯಲ್ಲಿ ನಕ್ಕ. ಸೂರ್ಯ ಮುಳುಗುವುದು ತಿಳಿಯಲು ಯಂತ್ರ ಯಾಕೆ, ಕಿಡಕಿ ಸಾಲದೇ ಎಂಬುದು ಅವನ ವಾದ. ಪಾರಿಸ ವಿನಯದಿಂದಲೇ, “ನಿಮ್ಮ ತಾಯಾರಿಗೆ ಕಣ್ಣ ಚೊಲೋ ಅದಾವೇನ್ರಿ?” ಎಂದು ಕೇಳಿದ. ಸಾಹುಕಾರನಿಗೆ ಇದು ಬೈಗುಳದ ಹಾಗೆ ಕೇಳಿಸಿತು. ಚಹಾ ಬರುವ ಮೊದಲೇ ಮಾತು ಮುಗಿಯಿತು.

ಬೆಳಗಾವಿಯ ಕಾರಖಾನೆಯಲ್ಲಿ ಆದದ್ದು ಇನ್ನೂ ಘೋರ. ಮ್ಯಾನೇಜರನ ಆಫೀಸು ಎಂದರೆ ನಾಲ್ಕೂ ಕಡೆ ಗೋಡೆ, ಒಂದು ಟ್ಯೂಬ್‌ಲೈಟು. ಮೇಜಿನ ಮೇಲೆ ಇಟ್ಟದ್ದೇ ತಡ, ಡಬ್ಬಿ ಆ ಬೆಳಕನ್ನು ನೋಡಿ ಇಲ್ಲಿ ಸಂಜೆಯಾಗಿದೆ ಎಂದು ತೀರ್ಮಾನಿಸಿ ಹೊಡೆಯಲು ಶುರು ಮಾಡಿತು. ಮನೆಯ ಗಂಟೆಗಿದ್ದ ನಿಲ್ಲಿಸುವ ಗುಂಡಿಯನ್ನು ಇದಕ್ಕೆ ಇಡಲು ಪಾರಿಸ ಮರೆತಿದ್ದ. ಹೊರಗೆ ಕೆಲಸ ಮಾಡುತ್ತಿದ್ದವರು ಊಟದ ಗಂಟೆಯಾಯಿತೆಂದು ಕೈ ತೊಳೆದು, ಬುತ್ತಿ ಬಿಚ್ಚಿಕೊಂಡು ಕೂತರು. ಅವರನ್ನು ಮತ್ತೆ ಎಬ್ಬಿಸಲು ಮ್ಯಾನೇಜರನಿಗೆ ಮಧ್ಯಾಹ್ನವಾಯಿತಂತೆ.

“ಏನಂದ್ರು?” ಎಂದು ಮಂಗಲ ಬಾಗಿಲಲ್ಲೇ ಕೇಳಿದಳು.

“ವಿಚಾರ ಮಾಡತೀವಿ ಅಂದ್ರು.”

“ಡಬ್ಬಿದ ವಿಚಾರಾನೋ, ನಿಮ್ಮ ತಲೀದೋ?”

ಕೊಲ್ಹಾಪುರ, ಸಾಂಗಲಿ, ಮತ್ತೊಮ್ಮೆ ಕೊಲ್ಹಾಪುರ. ಒಬ್ಬರು ಗಂಟೆಯ ಬದಲು ಸಿನಿಮಾ ಹಾಡು ಹಾಕು ಎಂದರು. ಇನ್ನೊಬ್ಬರು ಡಬ್ಬಿಯ ಮೇಲಿನ ತುಪ್ಪದ ಕಂಪನಿಯ ಚಿತ್ರವನ್ನು ಬಹಳ ಹೊತ್ತು ನೋಡಿ, ತುಪ್ಪದ ಏಜೆನ್ಸಿ ಬೇಡವೆಂದರು. ಎರಡು ವರ್ಷ ಬಸ್ಸಿನ ಧೂಳು ಕುಡಿದ ಮೇಲೆ, ಎಂಬತ್ತೆಂಟರಲ್ಲಿ, ಭಾಗ್ಯದ ಬಾಗಿಲು ತಾನಾಗಿ ತೆರೆಯಿತು. ಮಿರಜಿಯಲ್ಲಿ ಸ್ವಿಚ್ಚು, ಬೋರ್ಡು ತಯಾರಿಸುವ ಅಣ್ಣಾಸಾಬ ಎಂಬವರು ಗಂಟೆಯನ್ನು ಅದರ ಜಾಗದಲ್ಲೇ ನೋಡಲು ಐನಾಪುರಕ್ಕೆ ಬರುತ್ತೇನೆಂದು ಹೇಳಿ ಕಳಿಸಿದರು. ಅವರೂ ಜೈನರು. ವಿವರಿಸಿ ಹೇಳುವ ಕಷ್ಟವೇ ಇಲ್ಲ!

ಅವರು ಬಂದದ್ದು ಭಾದ್ರಪದದಲ್ಲಿ, ಜೈನರ ವ್ರತನೇಮದ ಪರ್ವದ ದಿನಗಳಲ್ಲಿ. ವರ್ಷವಿಡೀ ಹೊತ್ತು ಮುಳುಗಿದ ಮೇಲೆ ಕದ್ದು ಚೂಡಾ ಮೆಲ್ಲುವ ಬಿಸಿರಕ್ತದ ಹುಡುಗರೂ ಆಗ ನೇಮ ಹಿಡಿಯುತ್ತಾರೆ. ಓಣಿಗೆ ಓಣಿಯೇ ಗಂಟೆಗೆ ಕಿವಿಗೊಟ್ಟಿತ್ತು. ಪಾರಿಸನ ಮನೆಯಲ್ಲಿ ಮಂಗಲ ಹೋಳಿಗೆಯ ಸಿದ್ಧತೆ ನಡೆಸಿದ್ದಳು. ಅಣ್ಣಾಸಾಬರು ದಪ್ಪನೆಯ, ಉಣ್ಣುವುದರಲ್ಲಿ ಆಸಕ್ತಿಯುಳ್ಳ ಮನುಷ್ಯ. ಮಧ್ಯಾಹ್ನದ ಊಟವನ್ನು ಕಾಗವಾಡದ ನೆಂಟರಲ್ಲಿ ಗಡದ್ದಾಗಿ ಮುಗಿಸಿ, ಸಂಜೆಯ ಹೋಳಿಗೆಗೆ ಹೊಟ್ಟೆಯಲ್ಲಿ ಜಾಗ ಆಗಲಿ ಎಂದು ಪಡಸಾಲೆಯಲ್ಲಿ ಅಡ್ಡಾಗಿದ್ದರು.

ಅಷ್ಟರಲ್ಲಿ, ಮಳೆ ಕೈಕೊಟ್ಟ ಹಿಂದಿನ ಎರಡು ವರ್ಷಗಳಲ್ಲಿ ಡಬ್ಬಿ ಒಮ್ಮೆಯೂ ಕಂಡಿರದಂಥ ಕಪ್ಪು ಮೋಡ ಎದ್ದಿತು. ಎಮ್ಮೆಗಳ ಹಿಂಡು ಹೊಳೆಯಿಂದ ಆಕಾಶಕ್ಕೇ ಹತ್ತಿದ ಹಾಗೆ ಎದ್ದಿತು. ಊರು ಕತ್ತಲಾಯಿತು. ಗಂಟೆ ಹೊಡೆಯಿತು.

ಆಗ ಮಧ್ಯಾಹ್ನ ಮೂರು ಗಂಟೆ. ಗಡಿಯಾರ ನೋಡುವ ಬುದ್ಧಿ ಓಣಿಯಲ್ಲಿ ಯಾರಿಗಾದರೂ ಬರಬೇಕಿತ್ತು, ಬರಲಿಲ್ಲ. ಎರಡು ವರ್ಷ ಗಂಟೆ ಕೇಳಿದೊಡನೆ ತಾಟು ಹಾಕಿದ ಕೈಗಳು ತಾಟು ಹಾಕಿದವು. ಹೆಂಗಸರು ಆಕಾಶ ನೋಡಿ, “ಅಯ್ಯ, ಇವತ್ತ ಹೊತ್ತ ಲಗೂನ ಹೋತಲ್ಲೋ!” ಎಂದು ಗಡಬಡಿಸಿದರು. ಮಂಗಲ ಹೂರಣ ರುಬ್ಬುವುದನ್ನು ಅರ್ಧಕ್ಕೆ ಬಿಟ್ಟು, ಇದ್ದ ಅನ್ನ ಸಾರನ್ನೇ ಬಡಿಸಿದಳು. ನಿದ್ದೆಯಿಂದ ಎದ್ದ ಅಣ್ಣಾಸಾಬರು ಕಿಡಕಿಯ ಹೊರಗಿನ ಕತ್ತಲು ನೋಡಿ ಇಷ್ಟು ಹೊತ್ತು ಮಲಗಿಬಿಟ್ಟೆನಲ್ಲ ಎಂದು ನಾಚಿಕೊಂಡರು. ಹಸಿವಿರಲಿಲ್ಲ. ನೆಪಕ್ಕೆ ನಾಲ್ಕು ತುತ್ತು ಉಂಡು, ಎಲ್ಲರೊಂದಿಗೆ ಬಾಯಿ ತೊಳೆದು, ಕೈ ಜೋಡಿಸಿ, ನಾಳೆ ಸೂರ್ಯ ಹುಟ್ಟುವವರೆಗೆ ಅನ್ನ ನೀರು ಮುಟ್ಟುವುದಿಲ್ಲ ಎಂದು ಸಂಕಲ್ಪ ಮಾಡಿದರು. ಓಣಿಯ ಮನೆಮನೆಯಲ್ಲೂ ಅದೇ ಹೊತ್ತಿಗೆ ಅದೇ ಸಂಕಲ್ಪ ಆಯಿತು.

ಕೈ ಬಿಚ್ಚುವುದರೊಳಗೆ ಮೋಡ ಅಥಣಿಯ ಕಡೆ ಸರಿಯಿತು. ಕಣ್ಣು ಕುಕ್ಕುವಂಥ ಬಿಸಿಲು ಬಿತ್ತು.

ಸಂಕಲ್ಪ ಮಾಡಿದ ಮೇಲೆ ಮುಗಿಯಿತು, ಬಿಸಿಲು ಬಂತೆಂದು ಮುರಿಯಲಾಗದು. ಇಡೀ ಬಸದಿ ಓಣಿ ಹೊರಗಿನ ಕಟ್ಟೆಗಳ ಮೇಲೆ ಬಂದು ಕೂತು, ತಲೆಯ ಮೇಲೆ ಹಾಯಾಗಿ ಹೊಳೆಯುತ್ತಿದ್ದ ಸೂರ್ಯನನ್ನು ನೋಡಿತು. ಆಮೇಲೆ ಪಾರಿಸನನ್ನು ನೋಡಿತು. ಪಕ್ಕದ ಮನೆಯ ಶಾಂತಿನಾಥ ಓಣಿಯ ಪರವಾಗಿ ಎದ್ದು ನಿಂತ.

“ಪಾರಿಸಾ, ನಮ್ಮ ಮನ್ಯಾಗ ಶ್ರೀಖಂಡ ಮಾಡ್ಯಾರೋ ಮಾರಾಯಾ. ಇನ್ನೂ ಮಡಕ್ಯಾಗ ಐತಿ. ನಾಳಿತನಾ ಅದರ ವಾಸನಿ ತಗೋಂತ ಕುಂದರಲೇನು?”

“ಯಂತ್ರ ಬರೋಬ್ಬರಿ ಐತಿ, ಶಾಂತಿನಾಥ. ಮೋಡದ ತಪ್ಪು.”

“ಆ ಮೋಡಕ್ಕ ಹೋಗಿ ಗಂಟಿ ಕಟ್ಟು ಹೋಗ ಲೇ!”

ಅಣ್ಣಾಸಾಬರು ಅರ್ಧ ರುಬ್ಬಿದ ಹೂರಣದ ಕಡೆ ಒಮ್ಮೆ ತಿರುಗಿ ನೋಡಿ ಚಪ್ಪಲಿ ಮೆಟ್ಟಿದರು. ಸಿಟ್ಟಿರಲಿಲ್ಲ, ದೊಡ್ಡದೊಂದು ನಿಟ್ಟುಸಿರಿತ್ತು. “ಮಗದುಮ್ಮ, ಮೋಡಕ್ಕೂ ಸಂಜಿಗೂ ಫರಕ ತಿಳೀದ ಯಂತ್ರ ನಾ ಮಾಡಿದ್ರ, ಮಿರಜಿಯ ಜೈನರು ನನ್ನ ಊರ ಬಿಡಸತಾರ” ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು.

ಲಕ್ಷ್ಮಿಬಾಯಿಯೊಬ್ಬಳೇ ಡಬ್ಬಿಯ ಪಕ್ಷ ವಹಿಸಿದಳು. ಮುಂಚೆ ಹೊಡೆದರೆ ಹಸಿವು, ತಡವಾಗಿ ಹೊಡೆದರೆ ಪಾಪ, ಅದು ಪಾಪ ಮಾಡಲಿಲ್ಲವಲ್ಲ ಎಂದಳು. ಆದರೆ ಮಳೆಗಾಲವಿಡೀ ಅವ್ವ ಹೀಗೆ ಮಧ್ಯಾಹ್ನ ಎರಡು ತುತ್ತು ಉಂಡು ಮಲಗಿದರೆ ಗತಿಯೇನು? ಮರುದಿನ ಪಾರಿಸ ಯಾರಿಗೂ ಹೇಳದೆ ಮಾಳಿಗೆ ಹತ್ತಿ ಡಬ್ಬಿಯ ತಂತಿ ಕತ್ತರಿಸಿದ. ಅದೇ ತಂತಿಗೆ ಒಂದು ಸಾದಾ ಗುಂಡಿ ಕೂಡಿಸಿದ. ಅಂದಿನಿಂದ ದಿನಾ ಸಂಜೆ ನಿಚ್ಚಣಿಕೆ ಹತ್ತಿ, ಹಣೆಗೆ ಕೈಯಿಟ್ಟು ಪಡುವಣ ನೋಡಿ, ತಾನೇ ಗುಂಡಿ ಒತ್ತಿ ಕೆಳಗಿಳಿಯುತ್ತಿದ್ದ. ಓಣಿ ಸ್ವಲ್ಪ ದಿನ ಗಂಟೆಯನ್ನು ಬೈದು, ಅದು ಮತ್ತೆ ತಪ್ಪದಿರುವುದನ್ನು ಕಂಡು ಮತ್ತೆ ನಂಬಿತು. ಅವ್ವನಿಗೆ ಮಾತ್ರ ಯಾರೂ ಹೇಳಕೂಡದು ಎಂದು ಮಂಗಲಳಿಂದ ಮಾತು ಪಡೆದ. “ಯಂತ್ರ ಮಾಡತೀನಿ ಅಂತ ಹೊಂಟಾವ್ರು ತಾವ ಯಂತ್ರ ಆದ್ರು” ಎಂದು ಅವಳು ನಕ್ಕಳು, ಆದರೆ ಮಾತು ಉಳಿಸಿಕೊಂಡಳು.

ಮೂರು ಗಂಟೆಯ ಊಟದ ಸುದ್ದಿ ಬಸ್ಸು ಹತ್ತಿ ಊರೂರು ತಿರುಗಿತು. ಕುಡಚಿಯ ಸ್ಟೇಶನ್ನಿನಲ್ಲಿ ಅದನ್ನು ಕೇಳಿ ಎಲ್ಲರೂ ನಕ್ಕರೆ, ಒಬ್ಬ ಮಾತ್ರ ನಗಲಿಲ್ಲ. ಅವನ ಹೆಸರು ನಾಮದೇವ. ಕೋಳಿ ಫಾರ್ಮುಗಳಿಗೆ ಪಂಜರ, ನೀರಿನ ಬಟ್ಟಲು ತಯಾರಿಸುವ ಸಣ್ಣ ಕಾರಖಾನೆ ಅವನದು. ಅವನು ನೇರವಾಗಿ ಐನಾಪುರಕ್ಕೆ ಬಂದ. ಬಗಲಲ್ಲಿ ಒಂದು ರಟ್ಟಿನ ಪೆಟ್ಟಿಗೆ.

“ಪಾರಿಸಣ್ಣಾ, ಮೋಡ ಬಂದ್ರೂ ನಿಮ್ಮ ಡಬ್ಬಿ ಕತ್ತಲಾತಂತ ಹೇಳತೈತಂತ, ಖರೇನ?”

“ಖರೆ. ಅದ ಅದರ ರೋಗ.”

“ರೋಗಲ್ಲರೀ, ಅದ ನನಗ ಬೇಕಾಗಿದ್ದು! ಗಂಟಿ ಬ್ಯಾಡ, ಗಂಟಿ ಜಾಗಾಕ್ಕ ದೀಪ ಕೂಡಸೂಣು. ಕತ್ತಲಾದ ಕೂಡಲೆ ಫಾರ್ಮಿನ ದೀಪ ತಾನ ಹತ್ತಬೇಕು. ಬೆಳಕ ಜಾಸ್ತಿ ಇದ್ರ ಕೋಳಿ ತತ್ತಿ ಜಾಸ್ತಿ ಇಡತಾವ.”

ಎಂದು ರಟ್ಟಿನ ಪೆಟ್ಟಿಗೆಯನ್ನು ಮುಂದಿಟ್ಟ. ಮಾದರಿಗೆಂದು ಅಚ್ಚು ಹಾಕಿಸಿ ತಂದಿದ್ದ. ಮೇಲೆ ಕೆಂಪು ಅಕ್ಷರದಲ್ಲಿ ‘ಮಗದುಮ್’ ಎಂದಿತ್ತು. ಪಾರಿಸನ ಕೈ ತಾನಾಗಿ ಹೋಗಿ ಆ ಅಕ್ಷರಗಳನ್ನು ಸವರಿತು. ಕನಸಿನಲ್ಲಿ ಕಂಡ ಕೆಂಪೇ ಅದು, ಸ್ವಲ್ಪವೂ ಬೇರೆಯಲ್ಲ.

“ನಾವು ಜೈನರು, ನಾಮದೇವರಾವ.”

“ಗೊತ್ತೈತ್ರಿ. ನಿಮಗ್ಯಾರು ತತ್ತಿ ತಿನ್ನಂದ್ರು? ಡಬ್ಬಿ ಅಷ್ಟ ಕೊಡ್ರಿ.”

ನಾಳೆ ಹೇಳುತ್ತೇನೆಂದ ಪಾರಿಸ, ಆ ದಿನವೆಲ್ಲ ಪೆಟ್ಟಿಗೆಯನ್ನು ಬಗಲಲ್ಲೇ ಇಟ್ಟುಕೊಂಡು ಓಡಾಡಿದ. ದೇಶದಲ್ಲಿ ಇಷ್ಟು ಕಾರಖಾನೆಗಳಿದ್ದು ಅವನ ಕೈ ಹಿಡಿದದ್ದು ಇದೊಂದೇ. ಸಂಜೆ ಅವ್ವನ ತಾಟಿನ ಮುಂದೆ ಕೂತು, ತತ್ತಿಯ ಮಾತು ಬಿಟ್ಟು ಉಳಿದದ್ದನ್ನು ಹೇಳಿದ. ಕೋಳಿ ಸಾಕುವವರು ದೀಪಕ್ಕೆ ಇದನ್ನು ಕೇಳುತ್ತಿದ್ದಾರೆ ಎಂದ. ಮುದುಕಿ ರೊಟ್ಟಿ ಮುರಿಯುತ್ತ ಕೇಳಿದಳು.

“ದೀಪ ಯಾಕೋ ಕೋಳಿಗೆ? ಅವೇನು ಪೋಥಿ ಓದತಾವೇನು?”

“ಮಲಗಬಾರದಂತ ಹಚ್ಚತಾರವ್ವಾ.”

“ಹೊತ್ತ ಮುಳಗಿದ ಮ್ಯಾಲೂ ಮಲಗಾಕ ಬಿಡಾಂಗಿಲ್ಲ?” ಮುದುಕಿ ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟಳು. “ಇಲ್ಲಿ ಗಂಟಿ ಹೊಡದ್ರ ನಾ ಉಂಡ ಮಲಗತೀನಿ. ಅಲ್ಲಿ ದೀಪ ಹತ್ತಿದ್ರ ಅವು ನಿದ್ದಿಗೆಟ್ಟ ಕುಂದರತಾವ. ಒಂದ ಡಬ್ಬಿ ಎರಡ ನಮೂನಿ ಮಾತಾಡಿದ್ರ ನಾ ಹೆಂಗ ನಂಬಲೋ ಪಾರಿಸಾ?”

ನಾಮದೇವನಿಗೆ ಮರುದಿನ ಇಲ್ಲ ಎಂದು ಹೇಳುವಾಗ ಪಾರಿಸ ಅವನ ಮುಖ ನೋಡಲಿಲ್ಲ, ಪೆಟ್ಟಿಗೆಯನ್ನು ನೋಡುತ್ತಿದ್ದ.

“ನೀವು ಕೊಡಲಿಲ್ಲಂದ್ರ ಬ್ಯಾರೆದಾಂವ ಮಾಡತಾನ್ರಿ ಅಣ್ಣಾ.”

“ಮಾಡ್ಲಿ. ಅವನ ಅವ್ವ ಉಣ್ಣುದು ಅದರ ಮ್ಯಾಲ ನಿಂತಿರಾಂಗಿಲ್ಲ.”

ನಾಮದೇವ ಒಳ್ಳೆಯ ಮನುಷ್ಯ. ಪೆಟ್ಟಿಗೆ ಇಲ್ಲೇ ಇರಲಿ ಎಂದು ಬಿಟ್ಟು ಹೋದ. ಮಂಗಲ ಅದನ್ನು ಗುಜರಿ ಎಂದು ಹೊರಗೆ ಎಸೆಯುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಅದರಲ್ಲಿ ತನ್ನ ತೋಟದ ಒಣದ್ರಾಕ್ಷಿ ತುಂಬಿ, ಬಂದವರಿಗೆಲ್ಲ ಹೆಸರು ಕಾಣುವ ಹಾಗೆ ಪಡಸಾಲೆಯ ಗೂಡಿನಲ್ಲಿ ಇಟ್ಟಳು. ಆಮೇಲೆ ನಾಲ್ಕೈದು ವರ್ಷಗಳಲ್ಲಿ ಕತ್ತಲಾದರೆ ತಾನೇ ಹತ್ತುವ ದೀಪಗಳು ನಮ್ಮ ಕಡೆಯೂ ಬಂದವು. ಅವುಗಳ ಮೇಲೆ ಯಾರ ಯಾರ ಹೆಸರೋ ಇತ್ತು. ಪಾರಿಸ ಅವನ್ನು ಕನ್ನಡಕ ಏರಿಸಿ ಪರೀಕ್ಷೆ ಮಾಡಿ, “ಬರೋಬ್ಬರಿ ಮಾಡ್ಯಾನ” ಎಂದು ತಲೆದೂಗುತ್ತಿದ್ದ.

ತೊಂಬತ್ನಾಲ್ಕರ ಮಳೆಗಾಲಕ್ಕೆ ಮೊದಲು ಲಕ್ಷ್ಮಿಬಾಯಿ ಕೊನೆಗೂ ಮಿರಜಿಯಲ್ಲಿ ಕಣ್ಣಿನ ಆಪರೇಶನ್ನಿಗೆ ಒಪ್ಪಿದಳು. ಪಟ್ಟಿ ಬಿಚ್ಚಿ, ದಪ್ಪ ಕನ್ನಡಕ ಹಾಕಿಕೊಂಡು ಊರಿಗೆ ಬಂದಳು. ಸೊಸೆ ತೆಳ್ಳಗಾಗಿದ್ದಾಳೆ, ಮಗ ಬೋಳಾಗಿದ್ದಾನೆ, ಗೋಡೆಗೆ ಸುಣ್ಣ ಬೇಕು ಎಂದು ಒಂದೊಂದಾಗಿ ತಪ್ಪು ಎಣಿಸತೊಡಗಿದಳು. ಪಾರಿಸ ಗಂಟೆಯ ವಿಷಯದಲ್ಲಿ ಗಾಬರಿಯಾದ. ಎಂಟು ದಿನ ಹೇಗೋ ಕಳ್ಳನ ಹಾಗೆ ಹಿಂದಿನಿಂದ ಹತ್ತಿ ಇಳಿದ.

ಒಂದು ಸಂಜೆ ಜಡಿಮಳೆ. ಆಕಾಶ ಒಂದೇ ಬೂದಿ ಬಣ್ಣ. ಸೂರ್ಯ ಅವನಿಗೂ ಕಾಣುವ ಹಾಗಿರಲಿಲ್ಲ, ಆದರೂ ಹತ್ತಿದ. ನೋಡದೆ ಒತ್ತಿದರೆ ಅದು ಮೋಸ ಎಂಬುದು ಅವನ ಶಾಸ್ತ್ರ. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೈಗಡಿಯಾರ ನೋಡಿ, ಪಡುವಣವನ್ನೂ ದಿಟ್ಟಿಸಿ, ಗುಂಡಿ ಒತ್ತಿ, ಅರ್ಧ ಇಳಿದು ತಿರುಗಿದರೆ, ಅಂಗಳದಲ್ಲಿ ಕೊಡೆ ಹಿಡಿದು ಅವ್ವ ನಿಂತು ಮೇಲೆ ನೋಡುತ್ತಿದ್ದಾಳೆ.

ಪಾರಿಸ ನಿಚ್ಚಣಿಕೆಯ ನಡುವಿನ ಮೆಟ್ಟಿಲಲ್ಲೇ ನಿಂತುಬಿಟ್ಟ. “ಅವ್ವಾ, ಡಬ್ಬಿ ಕೆಟ್ಟೈತಿ… ಇವತ್ತ ಒಂದಿನಾ…”

“ಇವತ್ತ ಒಂದಿನಾ?” ಮುದುಕಿ ನಕ್ಕಳು. “ಆರ ವರ್ಷಾತು, ಗಂಟಿ ಹೊಡಿಯೂ ಮುಂಚೆ ನಿಚ್ಚಣಿಕಿ ಕಿರ್ ಅಂತೈತಿ. ಕಣ್ಣ ಹೋಗಿದ್ದುವು, ಕಿವಿ ಹೋಗಿದ್ದಿಲ್ಲ.”

“ಹಂಗಾರ ನನ್ನ ನಂಬಿ ಹೆಂಗ ಉಂಡಿ? ನಾನೂ ಸುಳ್ಳ ಹೇಳತೀನಿ ಅಂತಿದ್ದಿ.”

“ಸುಳ್ಳ ಹೇಳಾಂವ ಆಗಿದ್ರ ಕೆಳಗ ಕುಂತ ಒತ್ತತಿದ್ದಿ. ಮಳ್ಯಾಗ ಯಾಕ ಹತ್ತತಿದ್ದಿ?” ಎಂದಳು. “ಇಳಿ, ಇಳಿ. ಯಂತ್ರ ತೋಯಿಸಿದ್ರ ಜಂಗ ಹಿಡೀತೈತಿ. ಮಂಗಲಾ, ಇಬ್ಬರಿಗೂ ತಾಟ ಹಾಕು, ಇನ್ನೂ ಹೊತ್ತ ಐತಿ.”

ಆಮೇಲೆ ಸೂರ್ಯ ಅವಳ ಕಣ್ಣಿಗೇ ಕಾಣುತ್ತಿದ್ದರೂ, ಗಂಟೆ ಹೊಡೆಯುವವರೆಗೆ ಲಕ್ಷ್ಮಿಬಾಯಿ ತಾಟಿಗೆ ಕೂತವಳಲ್ಲ. ಪಾರಿಸನೂ ಸುಧಾರಣೆಯ ಕೆಲಸ ಬಿಡಲಿಲ್ಲ. ನಿಚ್ಚಣಿಕೆಗೆ ಎಣ್ಣೆ ಹಾಕಿಸಿದ.